ಎಲ್ಲಿವರೆಗೆ ನೋಡಿದ್ದೀರಿ?

2019ರ ಏಪ್ರಿಲ್ ಮತ್ತು ಮೇ ತಿಂಗಳ ಆರು ಸೋಮವಾರ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದಲೇ ನೋಡಿದರು. ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಕೊನೆಯ ಸೀಸನ್ ನಡೆಯುತ್ತಿದ್ದ ಕಾಲ ಅದು. ಅಮೆರಿಕದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಪ್ರಸಾರವಾಗುವ ಹೊತ್ತಿಗೇ ಇಲ್ಲಿ ಹಾಟ್‌ಸ್ಟಾರ್‌ನಲ್ಲಿ, ಅಂದರೆ ಸೋಮವಾರ ಬೆಳಗ್ಗೆ ಆರೂವರೆಗೆ, ಹೊಸ ಸಂಚಿಕೆ ಬಂದು ಕೂತಿರುತ್ತಿತ್ತು. ಅಲಾರಂ ಇಟ್ಟು ಎದ್ದು ನೋಡಿ ಬಂದವರು ಕೆಲವರು. ರಾತ್ರಿ ಮನೆಗೆ ಹೋಗಿ ನೋಡೋಣ ಅಂದುಕೊಂಡವರು ಕೆಲವರು. ಶನಿವಾರ ಗಂಡ ಹೆಂಡತಿ ಒಟ್ಟಿಗೆ ಕೂತು ನೋಡೋಣ ಎಂದು ಮಾತಾಡಿಕೊಂಡವರು ಇನ್ನು ಕೆಲವರು. ಹತ್ತು ಗಂಟೆಗೆ ಕಾಫಿ ಮೆಷಿನ್ ಮುಂದೆ ಮೂರೂ ಬಗೆಯವರು ನಿಂತಿರುತ್ತಿದ್ದರು. ನೋಡಿದವರಿಗೆ ಹೇಳದೆ ಇರಲಾಗದು, ನೋಡದವರಿಗೆ ಅಲ್ಲಿ ನಿಲ್ಲಲಾಗದು.

ಆ ಸರಣಿ ಮುಗಿಯಿತು, ಇಕ್ಕಟ್ಟು ಮಾತ್ರ ಮುಗಿಯಲಿಲ್ಲ. ಈಗ ಪ್ರತಿಯೊಂದು ಮನೆಯಲ್ಲೂ ಅದೇ ಕಥೆ. ಅತ್ತೆ ರಾತ್ರಿ ಎಂಟಕ್ಕೆ ಟಿವಿಯಲ್ಲಿ ನೋಡುವ ಧಾರಾವಾಹಿಯನ್ನು ಸೊಸೆ ಮೊಬೈಲ್‌ನಲ್ಲಿ ಮೊದಲೇ ನೋಡಿರುತ್ತಾಳೆ, ಮಗ ಅದೇ ಸಂಚಿಕೆಯ ತುಣುಕನ್ನು ರೀಲ್ಸ್‌ನಲ್ಲಿ ಕಂಡಿರುತ್ತಾನೆ. ಹಾಗಾದರೆ ಯಾರು, ಯಾವಾಗ, ಎಷ್ಟು ಹೇಳಬಹುದು? ಇದಕ್ಕೆ ಕಾನೂನು ಇಲ್ಲ, ನಡಾವಳಿ ಇದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಹೆಸರು ಬರುವ ಯಾವ ಕಥೆಯ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ, ನಿಶ್ಚಿಂತೆಯಿಂದ ಓದಿ.

ಕಥೆ ಹೇಳುವುದು ಉಪಕಾರವಾಗಿದ್ದ ಕಾಲ

ಮನೆಯ ಹಿರಿಯರು ಕಥೆಯನ್ನು ಪಟ್ಟನೆ ಹೇಳಿಬಿಟ್ಟರೆ ಸಿಡುಕುವ ಮೊದಲು ಒಂದು ಮಾತು ನೆನಪಿಡಬೇಕು. 1988ರಿಂದ 1990ರವರೆಗೆ ದೂರದರ್ಶನದಲ್ಲಿ ‘ಮಹಾಭಾರತ’ ಬಂದಾಗ, 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಂ ಮತ್ತು ಗೆಳೆಯರ ‘ಮಾಯಾಮೃಗ’ ಬಂದಾಗ, ಊರಿಗೆ ಊರೇ ಒಂದೇ ಹೊತ್ತಿಗೆ ನೋಡುತ್ತಿತ್ತು. ಕರೆಂಟು ಹೋಗಿ ಒಂದು ಸಂಚಿಕೆ ತಪ್ಪಿದರೆ ಅದು ತಪ್ಪಿದ ಹಾಗೆಯೇ. ಮತ್ತೆ ನೋಡಲು ದಾರಿಯಿಲ್ಲ. ಆಗ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, ಯಾರು ಯಾರಿಗೆ ಏನಂದರು ಎಂಬುದನ್ನು ಅಭಿನಯ ಸಮೇತ ಹೇಳುತ್ತಿದ್ದುದು ದೊಡ್ಡ ಉಪಕಾರ. ಕೇಳಿದವರು ಕೃತಜ್ಞತೆಯಿಂದ ಕೇಳುತ್ತಿದ್ದರು.

ಆ ಅಭ್ಯಾಸದಲ್ಲೇ ಬೆಳೆದ ನಮ್ಮ ಅಮ್ಮಂದಿರು, ದೊಡ್ಡಮ್ಮಂದಿರು ಇವತ್ತೂ “ನಿನ್ನೆ ನೀನು ನೋಡ್ಲಿಲ್ವಲ್ಲ, ಹೇಳ್ತೀನಿ ಕೇಳು” ಎಂದು ಪ್ರೀತಿಯಿಂದ ಶುರುಮಾಡುತ್ತಾರೆ. ಅವರ ಲೆಕ್ಕದಲ್ಲಿ ಅದು ಇನ್ನೂ ಉಪಕಾರವೇ. “ಅಯ್ಯೋ ಎಲ್ಲಾ ಹಾಳು ಮಾಡ್ಬಿಟ್ರಿ” ಎಂದು ಕೂಗಿದರೆ ಅವರಿಗೆ ತಾವೇನು ತಪ್ಪು ಮಾಡಿದೆವು ಎಂಬುದೇ ಗೊತ್ತಾಗುವುದಿಲ್ಲ. “ರಾತ್ರಿ ಮೊಬೈಲಲ್ಲಿ ನೋಡ್ತೀನಿ ಅಮ್ಮ, ನೋಡಿದ್ಮೇಲೆ ಇಬ್ರೂ ಕೂತು ಮಾತಾಡೋಣ” ಎಂದರೆ ಸಾಕು. ಮಾತಾಡುವ ಸುಖ ಕಿತ್ತುಕೊಂಡ ಹಾಗೂ ಆಗುವುದಿಲ್ಲ, ಸ್ವಲ್ಪ ಮುಂದಕ್ಕೆ ಹಾಕಿದ ಹಾಗಾಗುತ್ತದೆ, ಅಷ್ಟೇ.

ಯಾವುದು ಗುಟ್ಟು, ಯಾವುದು ಅಲ್ಲ

ಕಥೆಯ ಬಗ್ಗೆ ಆಡಿದ್ದೆಲ್ಲ ಸ್ಪಾಯ್ಲರ್ ಅಲ್ಲ. ಈ ವಿಷಯದಲ್ಲಿ ತೀರಾ ಮಡಿವಂತಿಕೆ ಮಾಡುವವರೂ ಇದ್ದಾರೆ. ನಾಯಕಿ ಶಾಲಾ ಶಿಕ್ಷಕಿ ಎಂದರೂ “ಹೇಳ್ಬೇಡಿ, ಹೇಳ್ಬೇಡಿ” ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಮೊದಲ ಸಂಚಿಕೆಯ ಹತ್ತು ನಿಮಿಷದಲ್ಲಿ ತಾನಾಗಿ ಗೊತ್ತಾಗುವುದನ್ನು, ವಾಹಿನಿಯೇ ಪ್ರೋಮೋದಲ್ಲಿ ತೋರಿಸಿದ್ದನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ. ಕಥೆ ಬರೆದವರು ಬೇಕೆಂದೇ ಬಚ್ಚಿಟ್ಟು, ಇಂಥ ಹೊತ್ತಿಗೇ ಗೊತ್ತಾಗಲಿ ಎಂದು ಇಟ್ಟದ್ದನ್ನು ಅದಕ್ಕೆ ಮೊದಲೇ ತೆಗೆದು ತೋರಿಸುವುದು ಸ್ಪಾಯ್ಲರ್. ಸತ್ತವರು ಯಾರು, ಕೊಂದವರು ಯಾರು, ಯಾರು ಯಾರ ಮಗು, ಮದುವೆ ನಿಂತಿತೋ ನಡೆಯಿತೋ, ಕಾಣೆಯಾದವರು ತಿರುಗಿ ಬಂದರೋ ಇಲ್ಲವೋ, ಎಲ್ಲ ಆ ಪೆಟ್ಟಿಗೆಯವು.

ಪುರಾಣದ ಕಥೆಗೆ ಸ್ಪಾಯ್ಲರ್ ಇಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಗದಾಯುದ್ಧದ ಕೊನೆ ಯಾರಿಗೆ ಗೊತ್ತಿಲ್ಲ? ಆದರೆ ತಾಳಮದ್ದಳೆಗೆ ಹೋಗುವವರನ್ನು ಕೇಳಿ ನೋಡಿ. ವಾಲಿ ಸಾಯುತ್ತಾನೆ ಎಂಬುದು ಎಲ್ಲರಿಗೂ ತಿಳಿದದ್ದೇ. ಇವತ್ತಿನ ವಾಲಿ ರಾಮನಿಗೆ ಯಾವ ಪ್ರಶ್ನೆ ಹಾಕುತ್ತಾನೆ, ರಾಮನ ಅರ್ಥಧಾರಿ ಅದರಿಂದ ಹೇಗೆ ನುಣುಚಿಕೊಳ್ಳುತ್ತಾನೆ ಅಥವಾ ನುಣುಚಿಕೊಳ್ಳಲಾಗದೆ ಸಿಕ್ಕಿಬೀಳುತ್ತಾನೆ ಎಂಬುದಕ್ಕಾಗಿ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಅಲ್ಲೂ ಬಚ್ಚಿಟ್ಟದ್ದು ಒಂದಿದೆ, ಅದು ಘಟನೆಯಲ್ಲಿಲ್ಲ, ಮಾತಿನಲ್ಲಿದೆ. ಹಾಸ್ಯ ಸರಣಿಗಳಿಗೂ ಇದು ಸಲ್ಲುತ್ತದೆ. ‘ಪಂಚಾಯತ್’ ನೋಡದವರಿಗೆ ಕಥೆಯ ಎಳೆ ಹೇಳಿದರೆ ಅಷ್ಟೇನೂ ಕೆಡುವುದಿಲ್ಲ, ಒಳ್ಳೆಯ ಡೈಲಾಗುಗಳನ್ನೆಲ್ಲ ನೀವೇ ಹೇಳಿ ನಕ್ಕುಬಿಟ್ಟರೆ ಕೆಡುತ್ತದೆ.

“ನಾನೇನೂ ಹೇಳಲ್ಲಪ್ಪ, ಆದ್ರೆ...”

ಗುಟ್ಟನ್ನು ನೇರವಾಗಿ ಒದರುವವರು ನಿಜಕ್ಕೂ ಕಡಿಮೆ. ಹೆಚ್ಚಿನ ಹಾನಿ ಮಾಡುವವರು ಸಜ್ಜನರು, ಏನನ್ನೂ ಹೇಳಬಾರದೆಂದು ಪಣ ತೊಟ್ಟವರು. ಅವರ ಮಾತಿನ ಧಾಟಿ ಹೀಗಿರುತ್ತದೆ:

“ಏನೂ ಹೇಳಲ್ಲ. ಕೊನೇ ಹತ್ತು ನಿಮಿಷ ಮಾತ್ರ ಮಿಸ್ ಮಾಡ್ಕೋಬೇಡಿ.”

“ಆ ಡಾಕ್ಟರ್ ಇದಾನಲ್ಲ, ಅವನ ಮೇಲೆ ಒಂದು ಕಣ್ಣಿಡಿ.”

“ಅವನನ್ನ ಅಷ್ಟೊಂದು ಹಚ್ಚಿಕೋಬೇಡ ಮಾರಾಯ್ತಿ.”

“ಯಾವ ಸಂಚಿಕೇಲಿದೀಯ? ಐದಾ? ಓಹೋ... ಸರಿ, ಆರು ನೋಡಿ ಫೋನ್ ಮಾಡು.”

ಪತ್ತೇದಾರಿ ಕಥೆ ನೋಡುವವರ ತಲೆ ಹೇಗೆ ಓಡುತ್ತಿರುತ್ತದೆ ಎಂದು ಯೋಚಿಸಿ. ಅವರು ಪ್ರತಿಯೊಂದು ಮುಖವನ್ನೂ ತೂಗುತ್ತಿರುತ್ತಾರೆ. ನಿಮ್ಮ ಮಾತು ಅವರಿಗೆ ಹೊರಗಿನಿಂದ ಸಿಕ್ಕ ಸಾಕ್ಷ್ಯ. ಕೊನೆಯಲ್ಲಿ ಟ್ವಿಸ್ಟ್ ಇದೆ ಎಂದರೆ ಅದುವರೆಗೆ ಕಂಡದ್ದೆಲ್ಲ ಸುಳ್ಳು ಎಂದು ಅರ್ಥ. ಹಚ್ಚಿಕೊಳ್ಳಬೇಡ ಎಂದರೆ ಅವನು ಸಾಯುತ್ತಾನೆ, ಇಲ್ಲವೇ ಕೆಟ್ಟವನು. ಆರನೇ ಸಂಚಿಕೆ ನೋಡಿ ಫೋನ್ ಮಾಡು ಎಂದರೆ ಆರು ಮುಗಿಯುವವರೆಗೆ ಅವರು ಕಥೆ ನೋಡುವುದಿಲ್ಲ, ನೀವು ಹೇಳಿದ ಜಾಗ ಯಾವುದೆಂದು ಕಾಯುತ್ತಾರೆ. ಬಾಯಿತಪ್ಪಿ ಪೂರ್ತಿ ಹೇಳಿಬಿಟ್ಟರೆ ಒಂದು ಸಂಚಿಕೆ ಕೆಡುತ್ತದೆ, ಅರ್ಧ ಸುಳಿವು ಕೊಟ್ಟರೆ ಇಡೀ ಸೀಸನ್ ಕೆಡುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಅಪರಾಧ.

ಇನ್ನೂ ಸೂಕ್ಷ್ಮವಾದ ಸಂದರ್ಭವೊಂದಿದೆ. ನೋಡುತ್ತಿರುವವರು ತಮ್ಮ ಊಹೆಯನ್ನು ನಿಮ್ಮ ಮುಂದಿಡುತ್ತಾರೆ: “ನಂಗೇನೋ ಆ ಚಿಕ್ಕಪ್ಪನ ಮೇಲೇ ಅನುಮಾನ.” ಆಗ ಊಹೆ ತಪ್ಪಾಗಿದ್ದರೆ ನಕ್ಕುಬಿಡುತ್ತೇವೆ, ಸರಿಯಾಗಿದ್ದರೆ ತಟ್ಟನೆ ಸುಮ್ಮನಾಗುತ್ತೇವೆ. ಎರಡೂ ಉತ್ತರವೇ. ಅಭ್ಯಾಸ ಮಾಡಿಕೊಳ್ಳಬೇಕಾದ್ದು ಇಷ್ಟೇ: ಊಹೆ ಸರಿಯಿರಲಿ, ತಪ್ಪಿರಲಿ, ನಿಮ್ಮ ಬಾಯಿಂದ ಬರುವ ಮಾತು ಒಂದೇ ಆಗಿರಲಿ, ಧ್ವನಿಯೂ ಒಂದೇ ಆಗಿರಲಿ. “ಹೌದಾ, ಯಾಕೆ ಹಂಗನ್ನಿಸ್ತು?” ಎಂದು ತಿರುಗಿ ಕೇಳುವುದು ಒಳ್ಳೆಯ ಉಪಾಯ. ಅವರು ಹೇಳುತ್ತಾ ಹೋಗುತ್ತಾರೆ, ನೀವು ಕೇಳುತ್ತಾ ಹೋಗಬಹುದು. ಗೊತ್ತಿದ್ದೂ ಕೇಳುವುದರಲ್ಲಿ ಒಂದು ಮಜಾ ಇದೆ.

ಹಾಗಾದರೆ ಒಂದು ಸರಣಿಯನ್ನು ಶಿಫಾರಸು ಮಾಡುವುದು ಹೇಗೆ? ಘಟನೆ ಬಿಟ್ಟು ಉಳಿದದ್ದನ್ನೆಲ್ಲ ಹೇಳಬಹುದು. ಮೊದಲ ಎರಡು ಸಂಚಿಕೆ ನಿಧಾನ, ಮೂರರಿಂದ ಹಿಡಿಯುತ್ತದೆ. ರಕ್ತಪಾತ ಜಾಸ್ತಿ, ಮಕ್ಕಳ ಎದುರು ಬೇಡ. ಕನ್ನಡ ಡಬ್ಬಿಂಗ್ ಚೆನ್ನಾಗಿದೆ ಅಥವಾ ಇಲ್ಲ. ಒಟ್ಟು ಎಷ್ಟು ಸಂಚಿಕೆ, ಒಂದೊಂದು ಎಷ್ಟು ಹೊತ್ತು. ನೋಡಬೇಕೋ ಬೇಡವೋ ಎಂದು ತೀರ್ಮಾನಿಸಲು ಕೇಳಿದವರಿಗೆ ಬೇಕಾದದ್ದು ಇಷ್ಟೇ.

ಎಷ್ಟು ದಿನ ಬಾಯಿಗೆ ಬೀಗ?

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಶುರುವಾಯಿತು. ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಅಲ್ಲಿಂದ ನಡೆಯುತ್ತಲೇ ಬಂದಿದೆ. ನಾಟಕ ಮುಗಿದ ಮೇಲೆ, ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಕಲಾವಿದರೇ ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ಸಂಪ್ರದಾಯ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಚಿತ್ರಮಂದಿರಗಳಿಗೆ ತಾಕೀತು ಮಾಡಿದ. ನಾಟಕಕ್ಕೂ ಸಿನಿಮಾಕ್ಕೂ ಒಂದು ಬಾಗಿಲಿದೆ, ಅಲ್ಲಿ ನಿಂತು ಕೈಮುಗಿದು ಕೇಳಬಹುದು. ಟಿವಿಗೆ ಬಾಗಿಲೇ ಇಲ್ಲ. ಆದ್ದರಿಂದ ಗಡುವನ್ನು ನಾವೇ ಹಾಕಿಕೊಳ್ಳಬೇಕು.

ನಾನು ಪಾಲಿಸುವ ಲೆಕ್ಕ ಹೀಗಿದೆ. ದಿನದ ಧಾರಾವಾಹಿಯಾದರೆ ಮರುದಿನದ ಮರುಪ್ರಸಾರ ಮುಗಿಯುವವರೆಗೆ ಸ್ಟೇಟಸ್ಸಿನಲ್ಲಾಗಲಿ ಗ್ರೂಪಿನಲ್ಲಾಗಲಿ ಬಾಯಿಬಿಡುವುದಿಲ್ಲ. ವಾರಕ್ಕೊಂದು ಸಂಚಿಕೆ ಬರುವ ಸರಣಿಯಾದರೆ ಮುಂದಿನ ಸಂಚಿಕೆ ಬರುವ ತನಕ. 2013ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಸಂಚಿಕೆಗಳನ್ನು ಒಂದೇ ದಿನ ಬಿಟ್ಟಿತಲ್ಲ, ಹಾಗೆ ಪೂರ್ತಿ ಸೀಸನ್ ಒಟ್ಟಿಗೆ ಬಂದರೆ ಕನಿಷ್ಠ ಎರಡು ವಾರಾಂತ್ಯ ಕಳೆಯಲಿ. ಕೆಲಸಕ್ಕೆ ಹೋಗುವವರಿಗೆ ನೋಡಲು ಸಿಗುವ ಹೊತ್ತೇ ಅದು. ಯಾರಾದರೂ ಬಯಸದೆಯೇ ಕಣ್ಣಿಗೆ ಬೀಳುವ ತಲೆಬರಹ, ಥಂಬ್‌ನೇಲ್, ಪ್ರೊಫೈಲ್ ಚಿತ್ರದಂಥವುಗಳಲ್ಲಿ ಒಂದು ತಿಂಗಳಾದರೂ ತಡೆದುಕೊಳ್ಳುವುದು ಮರ್ಯಾದೆ.

ಇದೆಲ್ಲ ಬಹಿರಂಗ ಮಾತಿಗೆ. ಎದುರಿಗೆ ಒಬ್ಬರು ಕೂತಿದ್ದಾಗ ಕ್ಯಾಲೆಂಡರ್ ನೋಡುವುದರಲ್ಲಿ ಅರ್ಥವಿಲ್ಲ. ‘ಬ್ರೇಕಿಂಗ್ ಬ್ಯಾಡ್’ ಮುಗಿದದ್ದು 2013ರಲ್ಲಿ. ಆದರೆ ನಿಮ್ಮ ತಂಗಿ ಅದನ್ನು ಶುರುಮಾಡಿದ್ದು ಕಳೆದ ವಾರವಾದರೆ ಅವಳಿಗೆ ಅದು ಕಳೆದ ವಾರದ ಕಥೆ. “ಅಷ್ಟು ಹಳೇದು, ಇನ್ನೂ ನೋಡಿಲ್ವಾ?” ಎಂದು ಹೀಯಾಳಿಸಿ ಕೊನೆ ಹೇಳಿಬಿಡುವವರನ್ನು ಕಂಡರೆ ನನಗೆ ಸಿಟ್ಟು. ಬಾಯಿ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿ: ಎಲ್ಲಿವರೆಗೆ ನೋಡಿದ್ದೀರಿ? ನೋಡಿದ್ದೀರಾ ಎಂದಷ್ಟೇ ಕೇಳಿದರೆ ಸಾಲದು, ಏಕೆಂದರೆ ಎರಡು ಸಂಚಿಕೆ ನೋಡಿದವರೂ “ಹ್ಞೂಂ, ನೋಡ್ತಾ ಇದೀನಿ” ಅಂದುಬಿಡುತ್ತಾರೆ, ಅಲ್ಲೇ ಎಡವಟ್ಟಾಗುವುದು.

ಗೆದ್ದವರು ಸೋತವರ ಲೆಕ್ಕ ಬೇರೆ. ಕ್ರಿಕೆಟ್ ಫೈನಲ್ಲಿನ ಫಲಿತಾಂಶ ಮುಗಿದ ಕ್ಷಣಕ್ಕೆ ಸುದ್ದಿ. ರೆಕಾರ್ಡ್ ಮಾಡಿಟ್ಟುಕೊಂಡು ರಾತ್ರಿ ನೋಡುತ್ತೇನೆ ಎನ್ನುವವರು ಫೋನ್ ಸ್ವಿಚ್ ಆಫ್ ಮಾಡಿಕೊಳ್ಳಬೇಕೇ ಹೊರತು ಊರನ್ನೆಲ್ಲ ಸುಮ್ಮನಿರಿ ಎನ್ನಲಾಗದು. ರಿಯಾಲಿಟಿ ಶೋಗಳಿಗೂ ಪ್ರಸಾರವಾದ ಮೇಲೆ ಇದೇ ನಿಯಮ. ಪ್ರಸಾರಕ್ಕೆ ಮೊದಲಿನದು ಹಾಗಲ್ಲ. ‘ಬಿಗ್ ಬಾಸ್’ನಂಥ ಶೋಗಳಲ್ಲಿ ಈ ವಾರ ಯಾರು ಮನೆಯಿಂದ ಹೊರಬಿದ್ದರು ಎಂಬ ಸೋರಿಕೆ, ಟಿವಿಯಲ್ಲಿ ಕಾಣುವ ಮೊದಲೇ ಹರಿದಾಡುತ್ತದೆ. ಅದನ್ನು ‘ಬ್ರೇಕಿಂಗ್’ ಎಂದು ಫಾರ್ವರ್ಡ್ ಮಾಡುವವರಿಗೆ ಸಿಗುವುದು ಐದು ನಿಮಿಷದ ಹೆಮ್ಮೆ. ಸೋರಿಕೆ ಕೆಲವೊಮ್ಮೆ ಪೊಲೀಸ್ ಠಾಣೆಯವರೆಗೂ ಹೋಗುತ್ತದೆ. 2017ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಏಳನೇ ಸೀಸನ್‌ನ ನಾಲ್ಕನೇ ಸಂಚಿಕೆ ಪ್ರಸಾರಕ್ಕೆ ಮೊದಲೇ ಭಾರತದಿಂದ ಸೋರಿದಾಗ ಮುಂಬೈಯಲ್ಲಿ ನಾಲ್ವರ ಬಂಧನವಾಗಿತ್ತು.

ಮೊದಲೇ ಗೊತ್ತಿರುವವರು

ಕೆಲವರಿಗೆ ಕಥೆ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ, ಮೂಲ ಓದಿರುತ್ತಾರೆ ಅಥವಾ ಬೇರೆ ಭಾಷೆಯಲ್ಲಿ ನೋಡಿರುತ್ತಾರೆ. ಕನ್ನಡದ ಧಾರಾವಾಹಿ ಲೋಕದಲ್ಲಿ ಇದು ನಿತ್ಯದ ಸಮಸ್ಯೆ. ಜೀ ಕನ್ನಡದಲ್ಲಿ 2019ರಲ್ಲಿ ಶುರುವಾದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ ಧಾರಾವಾಹಿಯ ಕನ್ನಡ ರೂಪ. ಮರಾಠಿಯದು ಅದೇ ವರ್ಷ ಮುಗಿದಿತ್ತು. ಬೆಳಗಾವಿ ಕಡೆ ಎರಡೂ ಭಾಷೆಯ ವಾಹಿನಿ ನೋಡುವ ಮನೆಗಳಲ್ಲಿ ಅದರ ನಾಯಕ ಆರ್ಯವರ್ಧನ್ ಯಾರು, ಎಂಥವನು ಎಂಬುದು ಗೊತ್ತಿದ್ದವರು, ಗೊತ್ತಿಲ್ಲದವರು ಒಂದೇ ಸೋಫಾದ ಮೇಲೆ ಕೂತು ನೋಡಿರಬೇಕು.

ಹೀಗೆ ಗೊತ್ತಿರುವವರಿಗೆ ಎರಡು ಮಾತು. ಒಂದು, ನಿಮಗೆ ಗೊತ್ತಿರುವುದು ಪೂರ್ತಿ ನಿಜವಾಗಿರಬೇಕೆಂದಿಲ್ಲ. ಮರಾಠಿಯ ಆ ಕಥೆ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯಿತು, ಕನ್ನಡದ್ದು 2023ರವರೆಗೆ ನಡೆಯಿತು. ಅಷ್ಟು ಉದ್ದಕ್ಕೆ ಎಳೆದ ಮೇಲೆ ಕಥೆ ಮೂಲದ ದಾರಿಯಲ್ಲೇ ಇರುತ್ತದೆಯೇ? ಮೂಲ ನೋಡಿ ಕೊನೆ ಹೇಳಿದವರು ಗುಟ್ಟನ್ನೂ ಕೆಡಿಸುತ್ತಾರೆ, ಕೊನೆಗೆ ತಾವೂ ಪೆಚ್ಚಾಗುತ್ತಾರೆ. ಎರಡನೆಯದು, ಸುಮ್ಮನಿದ್ದರೆ ಸಿಗುವ ಲಾಭ ಹೇಳಿದರೆ ಸಿಗುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಮೂರನೇ ಸೀಸನ್‌ನ ಒಂಬತ್ತನೇ ಸಂಚಿಕೆ 2013ರ ಜೂನ್‌ನಲ್ಲಿ ಪ್ರಸಾರವಾಯಿತು. ಅದರಲ್ಲಿ ಏನಾಗುತ್ತದೆ ಎಂಬುದು 2000ದಲ್ಲೇ ಬಂದ ಪುಸ್ತಕದಲ್ಲಿತ್ತು. ಓದಿದವರು ಬಾಯಿ ಬಿಗಿಹಿಡಿದು ಕಾದರು. ಆ ರಾತ್ರಿ ಎಷ್ಟೋ ಮಂದಿ ಟಿವಿಗೆ ಬೆನ್ನು ಹಾಕಿ, ಮನೆಯವರ ಮತ್ತು ಗೆಳೆಯರ ಮುಖದ ಕಡೆ ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಂಡರು. ಆ ವಿಡಿಯೊಗಳು ಇವತ್ತಿಗೂ ಯೂಟ್ಯೂಬ್‌ನಲ್ಲಿವೆ. ವರ್ಷಗಟ್ಟಲೆ ಮೌನವಾಗಿದ್ದವರ ಸಂತೋಷ ಎಂಥದೆಂದು ನೋಡಬೇಕಾದರೆ ಅವನ್ನು ನೋಡಿ, ಸರಣಿ ನೋಡಿದ್ದರೆ ಮಾತ್ರ.

ಟಿವಿಗಿಂತ ಮೊದಲು ಆ್ಯಪ್‌ನಲ್ಲಿ ನೋಡುವವರೂ ಈ ಗುಂಪಿಗೇ ಸೇರಿದವರು. ಝೀ5 ತನ್ನ ಚಂದಾದಾರರಿಗೆ ಟಿವಿಗಿಂತ ಮೊದಲೇ ಧಾರಾವಾಹಿ ತೋರಿಸುವ ಸೌಲಭ್ಯ ತಂದಿತು, ವೂಟ್ ಸೆಲೆಕ್ಟ್ ಇದ್ದಾಗ ಅದರಲ್ಲಿ 24 ಗಂಟೆ ಮೊದಲೇ ಸಂಚಿಕೆ ಸಿಗುತ್ತಿತ್ತು. ದುಡ್ಡು ಕೊಟ್ಟು ಮೊದಲು ನೋಡುವುದು ನಿಮ್ಮ ಹಕ್ಕು. ಆದರೆ ಮನೆಯಲ್ಲಿ ಎಂಟು ಗಂಟೆಗಾಗಿ ಅಡುಗೆ ಮುಗಿಸಿ ಕಾಯುವವರ ಗಡಿಯಾರವೇ ಮನೆಯ ಗಡಿಯಾರ ಎಂದು ಒಪ್ಪಿಕೊಂಡುಬಿಡಿ.

ವಿದೇಶದಲ್ಲಿರುವ ಮಕ್ಕಳದು ಇದಕ್ಕೆ ತಿರುಗುಮುರುಗು. ಇಲ್ಲಿ ರಾತ್ರಿ ಎಂಟಾದಾಗ ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಒಂಬತ್ತೂವರೆ ಅಥವಾ ಹತ್ತೂವರೆ, ಕೆಲಸದ ಹೊತ್ತು. ಅವರು ಐದು ದಿನದ ಸಂಚಿಕೆಗಳನ್ನು ಶನಿವಾರ ಗುಡ್ಡೆಹಾಕಿಕೊಂಡು ನೋಡುತ್ತಾರೆ. ಅಷ್ಟರಲ್ಲಿ ಊರಿಂದ ಫೋನ್ ಬಂದಿರುತ್ತದೆ. ಮಾತು ಶುರುವಾಗುವ ಮೊದಲೇ ಮಗಳು “ಅಮ್ಮಾ, ನಾನು ಬುಧವಾರದವರೆಗೆ ನೋಡಿದೀನಿ, ಮುಂದಿಂದು ಹೇಳ್ಬೇಡ” ಎಂದುಬಿಡಬೇಕು. “ಆಯ್ತು ಪುಟ್ಟಿ, ಗುರುವಾರದ್ದು ನೋಡು ಮೊದ್ಲು, ನಂಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ” ಎಂದು ಅಮ್ಮ ಅಂದರೆ, ಮೇಲೆ ಹೇಳಿದ ಅರ್ಧ ಸುಳಿವು ಇದೇ. ಅಮ್ಮಂದಿರಿಗೆ ಇಷ್ಟು ರಿಯಾಯಿತಿ ಕೊಡಲೇಬೇಕಾಗುತ್ತದೆ.

ಗ್ರೂಪಿನಲ್ಲಿ ಬರೆಯುವವರಿಗೆ

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶದ ಮೊದಲ ಸಾಲು ಬೀಗ ಹಾಕಿದ ಫೋನಿನ ಪರದೆಯ ಮೇಲೂ ಕಾಣುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ಸರಣಿಯ ಹೆಸರು, ಸೀಸನ್, ಸಂಚಿಕೆಯ ಸಂಖ್ಯೆ ಇಷ್ಟೇ ಇರಲಿ. ಆಮೇಲೆ ಒಂದಷ್ಟು ಖಾಲಿ ಸಾಲು ಬಿಟ್ಟು ಮುಂದಕ್ಕೆ ಬರೆಯಿರಿ. ಇದಕ್ಕಿಂತ ಒಳ್ಳೆಯ ದಾರಿ ವಾಯ್ಸ್ ಮೆಸೇಜ್. “ಎಂಟನೇ ಸಂಚಿಕೆ ನೋಡಿದವರು ಮಾತ್ರ ಕೇಳಿ” ಎಂದು ಬರೆದು ಧ್ವನಿ ಸಂದೇಶ ಹಾಕಿದರೆ ಒತ್ತಿ ಕೇಳದ ಹೊರತು ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಟೆಲಿಗ್ರಾಂನಲ್ಲಿ ಬೇಕಾದ ಪದಗಳನ್ನು ಆರಿಸಿ ಸ್ಪಾಯ್ಲರ್ ಎಂದು ಗುರುತು ಮಾಡಿದರೆ ಅವು ಮಸುಕಾಗಿ, ಮುಟ್ಟಿದಾಗ ಮಾತ್ರ ತೆರೆಯುತ್ತವೆ. ಡಿಸ್ಕಾರ್ಡ್‌ನಲ್ಲಿ ಮಾತಿನ ಆಚೀಚೆ ಎರಡೆರಡು ಲಂಬ ಗೆರೆ ಹಾಕಿದರೆ ಅದೇ ಕೆಲಸವಾಗುತ್ತದೆ. (1980ರ ದಶಕದಲ್ಲಿ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾಕೂಟದ ಮಂದಿ ಇಂಗ್ಲಿಷಿನ ಪ್ರತಿ ಅಕ್ಷರವನ್ನೂ 13 ಮನೆ ಮುಂದಕ್ಕೆ ತಳ್ಳಿ ಬರೆದು ಗುಟ್ಟು ಬಚ್ಚಿಡುತ್ತಿದ್ದರು. ನಮ್ಮ ಕಾಗುಣಿತಕ್ಕೆ ಆ ಆಟ ಒಗ್ಗುವುದಿಲ್ಲ.) ಒಂದು ಸರಣಿಯ ಬಗ್ಗೆ ದಿನವೂ ಚರ್ಚೆ ನಡೆಯುವುದಾದರೆ ಅದಕ್ಕೇ ಪ್ರತ್ಯೇಕ ಗ್ರೂಪ್ ಮಾಡಿಕೊಳ್ಳಿ. ಕುಟುಂಬದ ಗ್ರೂಪಿನಲ್ಲಿ ನಾಮಕರಣದ ಆಹ್ವಾನಕ್ಕೂ ನಾಯಕನ ಸಾವಿಗೂ ನಡುವೆ ಬರೀ ಒಂದು ಬೆರಳಿನ ಅಂತರ ಇರಬಾರದು.

ಪಾತ್ರ ಸತ್ತಾಗ ಅದರ ಫೋಟೊಗೆ ಹಾರ ಹಾಕಿ ‘ಓಂ ಶಾಂತಿ’ ಎಂದು ಸ್ಟೇಟಸ್ ಹಾಕುವುದು ತಮಾಷೆಯಾಗಿ ಕಾಣುತ್ತದೆ. ನೋಡಿದವರಿಗೆ ಮಾತ್ರ. ಇನ್ನು ಧಾರಾವಾಹಿಯ ಸುದ್ದಿ ಬರೆಯುವ ನಮ್ಮ ಪತ್ರಕರ್ತ ಮಿತ್ರರಿಗೂ ಒಂದು ಮನವಿ: ಒಳಗೆ ಏನು ಬೇಕಾದರೂ ಬರೆಯಿರಿ, ತಲೆಬರಹದಲ್ಲಿ ಪಾತ್ರದ ಹೆಸರನ್ನೂ ಅದಕ್ಕಾದ ಗತಿಯನ್ನೂ ಒಟ್ಟಿಗೆ ಇಡಬೇಡಿ.

ನೋಡದವರ ಜವಾಬ್ದಾರಿ

ಹೊರೆಯೆಲ್ಲ ನೋಡಿದವರ ಮೇಲೇ ಹಾಕಿದರೆ ನ್ಯಾಯವಲ್ಲ. ಕಚೇರಿಯ ಊಟದ ಮೇಜಿನಲ್ಲಿ ಐದು ಜನ ನೋಡಿ, ನೀವೊಬ್ಬರು ನೋಡಿಲ್ಲದಿದ್ದರೆ, ಮೊದಲ ವಾರ ಅವರು ಬೇರೆ ಮಾತಾಡಲಿ. ತಿಂಗಳಾದ ಮೇಲೂ ಅವರ ಬಾಯಿ ಮುಚ್ಚಿಸುವುದು ಸರಿಯಲ್ಲ, ಆಗ ತಟ್ಟೆ ತೆಗೆದುಕೊಂಡು ಏಳಬೇಕಾದವರು ನೀವು.

ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಲು ಕೆಲವು ದಾರಿಗಳಿವೆ. ಎಕ್ಸ್‌ನಲ್ಲಿ ಸರಣಿಯ ಹೆಸರು, ಮುಖ್ಯ ಪಾತ್ರಗಳ ಹೆಸರನ್ನು ಮ್ಯೂಟ್ ಪದಗಳ ಪಟ್ಟಿಗೆ ಸೇರಿಸಬಹುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸೇರಿಸಿ. ಯೂಟ್ಯೂಬ್‌ನಲ್ಲಿ ಸರಣಿಯ ಟ್ರೇಲರ್ ಒಂದನ್ನು ನೋಡಿದಿರೋ, ಮರುದಿನದಿಂದ ಕ್ಲೈಮ್ಯಾಕ್ಸ್ ವಿವರಿಸುವ ವಿಡಿಯೊಗಳ ಥಂಬ್‌ನೇಲ್ ಸಾಲುಗಟ್ಟುತ್ತವೆ. ಟ್ರೇಲರ್ ನೋಡುವ ಮೊದಲು ವಾಚ್ ಹಿಸ್ಟರಿ ನಿಲ್ಲಿಸಿಡಿ. ನೆಟ್‌ಫ್ಲಿಕ್ಸ್‌ನಲ್ಲಿ ತಾನಾಗಿ ಓಡುವ ಪ್ರಿವ್ಯೂಗಳನ್ನು ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು.

ಇದಕ್ಕಿಂತ ಅಪಾಯಕಾರಿ ನಮ್ಮದೇ ಕುತೂಹಲ. ಈ ನಟನನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಐಎಂಡಿಬಿ ತೆರೆದರೆ, ಅವನ ಹೆಸರಿನ ಮುಂದೆ ಎಷ್ಟು ಸಂಚಿಕೆಯಲ್ಲಿದ್ದಾನೆ ಎಂಬ ಸಂಖ್ಯೆಯೂ ಇರುತ್ತದೆ. ಹತ್ತು ಸಂಚಿಕೆಯ ಸರಣಿಯಲ್ಲಿ ನಾಯಕನ ಅಣ್ಣನಿಗೆ ಮೂರು ಎಂದಿದ್ದರೆ ಇನ್ನೇನು ಉಳಿಯಿತು? ಗೂಗಲ್‌ನಲ್ಲಿ ಪಾತ್ರದ ಹೆಸರು ಟೈಪ್ ಮಾಡುತ್ತಿದ್ದಂತೆ ‘ಸಾವು’, ‘ಮಗ’, ‘ಎರಡನೇ ಹೆಂಡತಿ’ ಎಂದು ಅದೇ ಪೂರ್ತಿ ಮಾಡಿಕೊಡುತ್ತದೆ. ಇಂಗ್ಲಿಷ್ ವಿಕಿಪೀಡಿಯ ಸ್ಪಾಯ್ಲರ್ ಎಂಬ ಕಾರಣಕ್ಕೆ ಏನನ್ನೂ ಮುಚ್ಚಿಡುವುದಿಲ್ಲ. ‘ಮೌಸ್‌ಟ್ರ್ಯಾಪ್’ನ ಕೊಲೆಗಾರನನ್ನು ಅಲ್ಲಿ ಹೆಸರಿಸಿದ್ದಕ್ಕೆ 2010ರಲ್ಲಿ ಕ್ರಿಸ್ಟಿಯ ಮೊಮ್ಮಗ ಬೇಸರಪಟ್ಟರೂ ಅದನ್ನು ತೆಗೆಯಲಿಲ್ಲ. ಸಬ್‌ಟೈಟಲ್ ಹಾಕಿಕೊಂಡು ನೋಡುವಾಗ ಪರದೆಯ ಮೇಲೆ ಮುಖ ಕಾಣದ ಧ್ವನಿಯೊಂದು ಕೇಳಿದರೆ, ಕೆಳಗೆ ಮಾತಾಡುವವರ ಹೆಸರು ಬಂದುಬಿಡುವುದೂ ಉಂಟು. ಸಂಚಿಕೆಯ ಆರಂಭದಲ್ಲಿ ಹಿಂದಿನ ಕಥೆಯ ಸಾರ ತೋರಿಸುತ್ತಾರಲ್ಲ, ಅದನ್ನು ಹಾರಿಸಿಬಿಡುವುದು ನನ್ನ ರೂಢಿ. ಎರಡು ಸೀಸನ್‌ನಿಂದ ಕಾಣದಿದ್ದವರ ಮುಖ ಅದರಲ್ಲಿ ಕಂಡರೆ ಇವತ್ತು ಅವರು ಬಂದೇ ಬರುತ್ತಾರೆ.

ಗೊತ್ತಾದರೆ ನಿಜಕ್ಕೂ ಕೆಡುತ್ತದೆಯೇ?

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಹನ್ನೆರಡು ಸಣ್ಣಕಥೆಗಳನ್ನು ಓದಿಸಿ ಪರೀಕ್ಷಿಸಿದಾಗ, ಕೊನೆ ಮೊದಲೇ ತಿಳಿದವರು ಕಥೆಯನ್ನು ಹೆಚ್ಚು ಮೆಚ್ಚಿದ್ದು ಕಂಡುಬಂತು. ಬಾಯಿಬಡುಕರಿಗೆಲ್ಲ ಇದೊಂದು ಪ್ರಮಾಣಪತ್ರವಾಯಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿತು. ಹೇಗೂ ಇರಲಿ, ಒಂದೇ ಸಲ ಕೂತು ಓದಿ ಮುಗಿಸುವ ಸಣ್ಣಕಥೆಗೂ ಎಂಟು ವರ್ಷ ಜೊತೆಗೆ ಬೆಳೆದ ಪಾತ್ರಗಳಿಗೂ ಒಂದೇ ಅಳತೆಗೋಲು ಹಿಡಿಯಲಾಗದು ಎಂಬುದು ನನ್ನ ಅಭಿಪ್ರಾಯ.

ಆದರೆ ಕೊನೆ ತಿಳಿದೇ ನೋಡಬೇಕೆನ್ನುವವರು ನಿಜಕ್ಕೂ ಇದ್ದಾರೆ, ಅವರನ್ನು ಗೇಲಿ ಮಾಡಬಾರದು. “ಆ ಮಗು ಉಳಿಯತ್ತಾ ಇಲ್ವಾ ಅಷ್ಟು ಹೇಳು, ಇಲ್ಲಾಂದ್ರೆ ನಾನು ನೋಡಲ್ಲ” ಎನ್ನುವ ಅಜ್ಜಿಯ ಎದೆ ಅವರಿಗೇ ಗೊತ್ತು. ಈಚೆಗೆ ಮನೆಯಲ್ಲಿ ಸಾವು ಕಂಡವರು, ಬಸುರಿಯರು, ಹಿಂಸೆ ಅನುಭವಿಸಿದವರು ಮೊದಲೇ ತಿಳಿದುಕೊಳ್ಳಲು ಬಯಸುವುದು ಸಹಜ. ‘ಡಸ್ ದಿ ಡಾಗ್ ಡೈ’ ಎಂಬ ಒಂದು ಜಾಲತಾಣವೇ ಇದೆ: ಈ ಚಿತ್ರದಲ್ಲಿ, ಈ ಸರಣಿಯಲ್ಲಿ ನಾಯಿ ಸಾಯುತ್ತದೆಯೇ ಎಂಬಲ್ಲಿಂದ ಹಿಡಿದು ಮನಸ್ಸು ಕಲಕುವ ನೂರೆಂಟು ಸಂಗತಿಗಳಿಗೆ ಹೌದು, ಇಲ್ಲ ಎಂದು ಉತ್ತರ ಕೊಡುತ್ತದೆ. ಹಾಗೆ ಕೇಳಿದವರಿಗೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ನಾಯಿ ಉಳಿಯುತ್ತದೆಯೇ ಎಂದರೆ ಉಳಿಯುತ್ತದೆ ಎನ್ನಿ, ಯಾರು ಉಳಿಸಿದರು ಎಂಬುದು ಬೇಡ.

ಕೇಳದಿದ್ದರೂ ಹೇಳಬೇಕಾದ ಸಂದರ್ಭ ಒಂದೇ. ಹದಿಹರೆಯದ ಮಕ್ಕಳು ನೋಡುವ ಸರಣಿಯಲ್ಲಿ ಆತ್ಮಹತ್ಯೆಯ ದೃಶ್ಯವೋ ಲೈಂಗಿಕ ಹಿಂಸೆಯೋ ಇದ್ದರೆ ಅಪ್ಪ ಅಮ್ಮಂದಿರಿಗೆ ಮೊದಲೇ ತಿಳಿಸಿ, ಅದರಿಂದ ಕಥೆ ಸ್ವಲ್ಪ ಬಯಲಾದರೂ ಚಿಂತೆಯಿಲ್ಲ. 2017ರ ‘13 ರೀಸನ್ಸ್ ವೈ’ ಸರಣಿಗೆ ನೆಟ್‌ಫ್ಲಿಕ್ಸ್ ಮೊದಲು ಎಚ್ಚರಿಕೆಯ ಸೂಚನೆಗಳನ್ನು ಹೆಚ್ಚಿಸಿ, 2019ರಲ್ಲಿ ಆತ್ಮಹತ್ಯೆಯ ದೃಶ್ಯವನ್ನೇ ಕತ್ತರಿಸಿತು.

ಬಾಯಿ ತಪ್ಪಿದರೆ

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ಹೊರಬಿದ್ದುಬಿಡುತ್ತದೆ. ಆಗ ಜನ ಗಾಬರಿಯಲ್ಲಿ ಇನ್ನಷ್ಟು ಕೆಡಿಸುತ್ತಾರೆ. “ಅಯ್ಯೋ, ನಿಂಗೆ ಗೊತ್ತಿರ್ಲಿಲ್ವಾ?” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರೆ, ಅದುವರೆಗೆ ಗಮನಿಸದಿದ್ದವರೂ ಗಮನಿಸುತ್ತಾರೆ. “ಅದೇನ್ ದೊಡ್ಡದಲ್ಲ ಬಿಡು, ಅದಕ್ಕಿಂತ ದೊಡ್ಡದು ಮುಂದಿದೆ” ಎಂದು ಸಮಾಧಾನ ಹೇಳಿದರೆ ಎರಡನೇ ಸ್ಪಾಯ್ಲರ್ ಕೊಟ್ಟ ಹಾಗಾಯಿತು. ಸುಳ್ಳು ಹೇಳಿ ಮುಚ್ಚುವುದೂ ಬೇಡ, ಅಷ್ಟು ನಟನೆ ನಮಗೆ ಬರುವುದಿಲ್ಲ. ಮಾತನ್ನು ಅಲ್ಲಿಗೇ ಬಿಟ್ಟು ಬೇರೆ ವಿಷಯಕ್ಕೆ ಹೊರಳುವುದು ಒಳ್ಳೆಯದು. ಅರ್ಧಕ್ಕರ್ಧ ಸಲ ಕೇಳಿದವರಿಗೆ ಅದು ತಟ್ಟಿಯೇ ಇರುವುದಿಲ್ಲ. ತಟ್ಟಿದ್ದು ಮುಖದಲ್ಲಿ ಕಂಡರೆ ಮಾತ್ರ ಒಂದೇ ಸಲ “ತಪ್ಪಾಯ್ತು” ಎಂದು ಅಲ್ಲಿಗೆ ನಿಲ್ಲಿಸಿ.

ಗಂಡನನ್ನೋ ಹೆಂಡತಿಯನ್ನೋ ಬಿಟ್ಟು ಕದ್ದು ಮುಂದಿನ ಸಂಚಿಕೆ ನೋಡಿದವರು ಒಪ್ಪಿಕೊಂಡುಬಿಡುವುದು ಕ್ಷೇಮ. ಎರಡನೇ ಸಲ ನೋಡುವಾಗ ಬೆಚ್ಚಿಬೀಳುವ ನಾಟಕ ಯಾವ ಮನೆಯಲ್ಲೂ ನಡೆಯುವುದಿಲ್ಲ. ಒಪ್ಪಿಕೊಂಡ ಮೇಲೆ ಜೊತೆಗೆ ಕೂತು ನೋಡಿ, ಪರದೆಯ ಕಡೆ ನೋಡಿ. ಪಕ್ಕದವರ ಮುಖ ನೋಡುತ್ತಾ ಕೂತರೆ ಈಗ ಏನೋ ಆಗುತ್ತದೆ ಎಂದು ಅವರಿಗೆ ತಿಳಿಯುತ್ತದೆ.

ಕೇಳಿಸಿಕೊಂಡವರು ಮಾಡಬೇಕಾದ್ದು ಒಂದೇ: ನಿಜವೋ ಸುಳ್ಳೋ ಎಂದು ಹುಡುಕಲು ಹೋಗಬೇಡಿ. ಕೇಳಿದ್ದು ಅರ್ಧ ಸತ್ಯವಿರಬಹುದು, ಹುಡುಕಿದರೆ ಪೂರ್ತಿ ಸಿಕ್ಕಿಬಿಡುತ್ತದೆ. ಮತ್ತೆ ಆ ಸಂಚಿಕೆಯನ್ನು ಬೇಸರದಿಂದ ಮುಂದಕ್ಕೆ ಹಾಕಬೇಡಿ, ಅವತ್ತು ರಾತ್ರಿಯೇ ನೋಡಿ ಮುಗಿಸಿ. ಯಾರು ಎಂಬುದು ಗೊತ್ತಾಗಿರುತ್ತದೆ ಅಷ್ಟೇ, ಹೇಗೆ, ಯಾಕೆ ಎಂಬುದು ಇನ್ನೂ ಉಳಿದಿರುತ್ತದೆ. ವಾರ ತಡಮಾಡಿದರೆ ಅದನ್ನೂ ಹೇಳುವವರು ಸಿಗುತ್ತಾರೆ.